ಪಾರ್ಟ್ನರ್ ಯೋಚನೆ ಮಾಡ್ತಿದ್ದಾರೆ

ನಾನು ಇಸ್ಪೀಟು ಆಡ್ತೀನಿ ಅಂದ್ರೆ ಜನ ಮೂರು ಥರ ನೋಡ್ತಾರೆ. ಹಾಸನದಲ್ಲಿರೋ ನಮ್ಮಮ್ಮನಿಗೆ ಕ್ಲಬ್ಬು, ಸಿಗರೇಟಿನ ಹೊಗೆ, ತೋಟ ಕಳಕೊಂಡ ಯಾರೋ ದೂರದ ಸಂಬಂಧಿ ಎಲ್ಲಾ ಒಟ್ಟಿಗೆ ನೆನಪಾಗ್ತಾರೆ. ಆಫೀಸಿನ ಹುಡುಗರಿಗೆ ಮೊಬೈಲಲ್ಲಿ ಬರ್ತಿದ್ದ ರಮ್ಮಿ ಜಾಹೀರಾತು ನೆನಪಾಗತ್ತೆ. 'ಎಷ್ಟು ಗೆದ್ರಿ ಮೇಡಂ?' ಅಂತಾರೆ. ಬಿಲ್ ಗೇಟ್ಸ್, ವಾರೆನ್ ಬಫೆಟ್ ಇಬ್ಬರೂ ಬ್ರಿಡ್ಜ್ ಆಡ್ತಾರೆ ಅಂತ ಎಲ್ಲೋ ಓದಿರೋ ಮೂರನೇ ಥರದವರು 'ಓ, ನೆಟ್‌ವರ್ಕಿಂಗಾ?' ಅಂತ ಕಣ್ಣರಳಿಸ್ತಾರೆ.

ಇದು ಮೂರೂ ಅಲ್ಲ. ಮಂಗಳವಾರ ಸಂಜೆ ಏಳೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಇಳಿದು ಹೋಗೋದು, ನಾಲ್ಕೈದು ಟೇಬಲ್ ಹಾಕೋದು, ಹತ್ತೂವರೆಗೆ ಎದ್ದು ಬರೋದು. ದುಡ್ಡು ಇಲ್ಲ. ಬಿಸಿನೆಸ್ ಕಾರ್ಡಂತೂ ಯಾರ ಜೇಬಲ್ಲೂ ಇಲ್ಲ. ಇರೋದು ಆಂಟಿ ಕೊಟ್ಟು ಕಳಿಸೋ ಕೋಡುಬಳೆ, ಫ್ಲಾಸ್ಕಲ್ಲಿ ಕಾಫಿ.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಎರಡು ನಿಮಿಷದ ಪಾಠ. ನಾಲ್ಕು ಜನ, ಎರಡು ಜೋಡಿ. ಎದುರುಬದುರು ಕೂತವರು ಪಾರ್ಟ್ನರ್‌ಗಳು. ಒಬ್ಬೊಬ್ಬರಿಗೆ 13 ಎಲೆ. ಮೊದಲು ಹರಾಜು, ಅಂದ್ರೆ ಬಿಡ್ಡಿಂಗ್. ಇಂಥದ್ದನ್ನ ತುರುಪು ಮಾಡಿಕೊಂಡು 13ರಲ್ಲಿ ಇಷ್ಟು ಟ್ರಿಕ್ ಗೆಲ್ತೀವಿ ಅಂತ ಕೂಗೋದು. 'ಎರಡು ಹಾರ್ಟ್' ಅಂದ್ರೆ ಆರರ ಮೇಲೆ ಎರಡು, ಒಟ್ಟು ಎಂಟು ಟ್ರಿಕ್. ಹೆಚ್ಚು ಕೂಗಿದವರಿಗೆ ಕಾಂಟ್ರಾಕ್ಟ್. ಆಮೇಲೆ ಆಡಿ ತೋರಿಸಬೇಕು, ತೋರಿಸದಿದ್ರೆ ದಂಡ. ಈ ರೂಪದ ಆಟಕ್ಕೆ ಸುಮಾರು ನೂರು ವರ್ಷ. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅನ್ನೋ ಅಮೆರಿಕನ್ ಶ್ರೀಮಂತ ಹಡಗಿನ ಪ್ರಯಾಣದಲ್ಲಿ ಅಂಕ ಎಣಿಸೋ ಹೊಸ ಪದ್ಧತಿ ಪ್ರಯೋಗ ಮಾಡಿದ. ಅದೇ ಇವತ್ತಿನ ಕಾಂಟ್ರಾಕ್ಟ್ ಬ್ರಿಡ್ಜ್. ಸ್ಪರ್ಧೆಯಲ್ಲಿ ಎಲ್ಲ ಟೇಬಲ್ಲಿಗೂ ಅವೇ ಎಲೆಗಳು ಹೋಗ್ತವೆ. ಹಾಗಾಗಿ 'ನಂಗೆ ಒಳ್ಳೆ ಎಲೆ ಬರಲಿಲ್ಲ' ಅನ್ನೋ ನೆಪ ನಡೆಯಲ್ಲ. ನಿಮ್ಮ ಹೋಲಿಕೆ ಅದೇ ಎಲೆಗಳನ್ನ ಹಿಡಿದು ಪಕ್ಕದ ಟೇಬಲ್ಲಲ್ಲಿ ಕೂತಿದ್ದವರ ಜೊತೆ.

ನಂಗೆ ಹುಚ್ಚು ಹಿಡಿಸಿದ್ದು ಆ ಹರಾಜು. ಅದರಲ್ಲಿ ಎದುರಿನ ಪಾರ್ಟ್ನರ್‌ಗೆ ನಿಮ್ಮ ಕೈಯಲ್ಲಿ ಏನಿದೆ ಅಂತ ಹೇಳಬೇಕು, ಆದ್ರೆ ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಒಂದು ಕಳಾವರ್‌ನಿಂದ ಏಳು ನೋ ಟ್ರಂಪ್‌ವರೆಗೆ 35 ಬಿಡ್. ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು 38 ಮಾತು. ಅಷ್ಟೇ ಈ ಭಾಷೆಯ ನಿಘಂಟು. ಹುಬ್ಬು ಹಾರಿಸೋ ಹಾಗಿಲ್ಲ, ನಿಟ್ಟುಸಿರು ಬಿಡೋ ಹಾಗಿಲ್ಲ. ಈಗ ಸ್ವರದ ಏರಿಳಿತಕ್ಕೂ ಅವಕಾಶ ಇಲ್ಲ. ಬಿಡ್ಡಿಂಗ್ ಬಾಕ್ಸ್ ಅನ್ನೋ ಪುಟ್ಟ ಡಬ್ಬಿಯಿಂದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರೆ ಆಯ್ತು.

ನನ್ನ ಪಾರ್ಟ್ನರ್‌ಗೆ ಎಪ್ಪತ್ತೆರಡು ವರ್ಷ. ದೂರವಾಣಿ ನಗರದ ಐಟಿಐ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ರಿಟೈರ್ ಆದವರು. ವೈಟ್‌ಫೀಲ್ಡ್ ಅಂದ್ರೆ ಐಟಿ ಅಂದುಕೊಂಡಿರೋ ನಮಗೆ, ಆ ಐಟಿ ಬರೋಕೆ ಮುಂಚೆ ಈ ಕಡೆ 1948ರ ಐಟಿಐ ಇತ್ತು ಅನ್ನೋದೇ ಮರೆತುಹೋಗಿದೆ. ಅಂಕಲ್ ಬ್ರಿಡ್ಜ್ ಕಲಿತಿದ್ದು ಅಲ್ಲಿ, ಲಂಚ್ ಅವರ್‌ನಲ್ಲಿ. ಊಟದ ಡಬ್ಬಿ ಐದು ನಿಮಿಷದಲ್ಲಿ ಖಾಲಿ ಮಾಡಿ ಉಳಿದ ಸಮಯ ಎಲೆ ಹಂಚ್ತಿದ್ರಂತೆ. ಇವತ್ತಿಗೂ ಅವರ ಬಾಯಲ್ಲಿ ಹಾರ್ಟ್ 'ಆಟೀನು', ಕ್ಲಬ್ 'ಕಳಾವರ್', ಜ್ಯಾಕ್ 'ಗುಲಾಮ'. ಎಲೆ ಕಲೆಸೋವಾಗ ಆ ಬೆರಳುಗಳು ನೋಡೋಕೇ ಚೆಂದ.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಬ್ಲಾಕಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ವಾಟರ್ ಟ್ಯಾಂಕರ್, ಸ್ಯಾನಿಟೈಸರ್ ಮೆಸೇಜುಗಳ ಮಧ್ಯೆ ಒಂದು ಸಾಲು ಬಂತು: 'ಬ್ರಿಡ್ಜ್‌ಗೆ ನಾಲ್ಕನೇ ಕೈ ಬೇಕು. ಕಲಿಸಲಾಗುವುದು.' ನಾನು ಕೈ ಎತ್ತಿದೆ. ಬ್ರಿಡ್ಜ್ ಬೇಸ್ ಆನ್‌ಲೈನ್ ಅನ್ನೋ ಸೈಟಿನಲ್ಲಿ ತಿಂಗಳುಗಟ್ಟಲೆ ಆಡಿದ್ವಿ. ನಾಲ್ಕನೇ ಮಹಡಿಯ ಅಂಕಲ್ ಮುಖವನ್ನ ನಾನು ಮಾಸ್ಕ್ ಇಲ್ಲದೆ ನೋಡೋ ಹೊತ್ತಿಗೆ ನಾವಿಬ್ಬರೂ ನೂರಾರು ಕೈ ಆಡಿ ಮುಗಿಸಿದ್ವಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಒಂದೇ ಜೋಡಿ ಕೂಗಿಕೊಂಡು ಹೋದ್ರೆ ಬಿಡ್ಡಿಂಗ್ ಸುಲಭ. ಮೀಟಿಂಗಲ್ಲಿ ಒಬ್ಬರೇ ಪ್ರೆಸೆಂಟೇಶನ್ ಕೊಟ್ಟ ಹಾಗೆ. ಎರಡೂ ಜೋಡಿ ಹರಾಜಿಗೆ ಇಳಿದಾಗಲೇ ಕಷ್ಟ ಶುರು. ಎದುರಾಳಿ ಎರಡು ಸ್ಪೇಡ್ ಅಂದಿದ್ದಾರೆ. ನಮ್ಮ ಮುಂದೆ ಮೂರು ದಾರಿ: ಬಿಟ್ಟುಕೊಡೋದು, ಇನ್ನೂ ಮೇಲಕ್ಕೆ ಹೋಗೋದು, ಅಥವಾ ಡಬಲ್ ಹೊಡೆದು 'ನೀವು ಸೋಲ್ತೀರಿ' ಅನ್ನೋದು. ಮೂರರಲ್ಲೂ ತಪ್ಪಬಹುದು.

ಇದಕ್ಕೊಂದು ಲೆಕ್ಕ ಇದೆ. ಫ್ರಾನ್ಸಿನ ಜ್ಯಾಂ-ರೆನೆ ವೆರ್ನ್ ಅನ್ನೋರು 1969ರಲ್ಲಿ ಒಂದು ಲೇಖನ ಬರೆದು ಇಂಗ್ಲಿಷ್ ಓದುಗರಿಗೆ ಅದನ್ನ ತಲುಪಿಸಿದರು. ಎರಡೂ ಜೋಡಿಗಳು ತಮ್ಮ ತಮ್ಮ ಅತಿ ಉದ್ದದ ಜಾತಿಯಲ್ಲಿ ಇಟ್ಟಿರೋ ಎಲೆಗಳನ್ನ ಕೂಡಿ. ಆ ಮೊತ್ತ ಎಷ್ಟೋ, ಎರಡೂ ಕಡೆಯವರು ತಮ್ಮ ತುರುಪಿನಲ್ಲಿ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತವೂ ಹೆಚ್ಚುಕಮ್ಮಿ ಅಷ್ಟೇ. ನಮಗೆ ಎಂಟು ಹಾರ್ಟ್, ಅವರಿಗೆ ಎಂಟು ಸ್ಪೇಡ್ ಅಂದುಕೊಳ್ಳಿ. ಮೊತ್ತ 16. ಅವರು ಎಂಟು ಟ್ರಿಕ್ ಗೆದ್ರೆ ನಾವೂ ಎಂಟು ಗೆಲ್ತೀವಿ. ಅವರ ಎರಡು ಸ್ಪೇಡ್ ಬಿಟ್ಟುಕೊಟ್ರೆ ನಮಗೆ 110 ಅಂಕ ನಷ್ಟ. ಅದರ ಬದಲು ನಾವು ಮೂರು ಹಾರ್ಟ್ ಕೂಗಿದ್ರೆ ಒಂಬತ್ತು ಬೇಕು, ಸಿಗೋದು ಎಂಟು, ಒಂದು ಕಮ್ಮಿ. ದಂಡ 50. ಅವರು ಡಬಲ್ ಹೊಡೆದ್ರೂ 100. ಅಂದ್ರೆ ಸೋಲ್ತೀವಿ ಅಂತ ಗೊತ್ತಿದ್ದೇ ಕೂಗೋದು, ಕೂಗಿ ಸೋತು ಲಾಭ ಮಾಡಿಕೊಳ್ಳೋದು! ಆದ್ರೆ ಆ ಕೈಯಲ್ಲಿ ನಾವು 'ವಲ್ನರಬಲ್' ಆಗಿದ್ರೆ ದಂಡ ದುಪ್ಪಟ್ಟು: ಒಂದು ಕಮ್ಮಿಗೆ 100, ಡಬಲ್ ಬಿದ್ರೆ 200. ಆಗ ಅದೇ ಧೈರ್ಯ ದಡ್ಡತನ ಆಗತ್ತೆ.

ಲ್ಯಾರಿ ಕೋಹೆನ್ ಅನ್ನೋ ಆಟಗಾರ 1992ರಲ್ಲಿ ಪುಸ್ತಕ ಬರೆದು ಈ ಸೂತ್ರವನ್ನ ಮನೆಮಾತು ಮಾಡಿದ. 2004ರಲ್ಲಿ ಮೈಕ್ ಲಾರೆನ್ಸ್, ಆಂಡರ್ಸ್ ವಿರ್ಗ್ರೆನ್ ಇಬ್ಬರೂ ಸೇರಿ ಇನ್ನೊಂದು ಪುಸ್ತಕ ಬರೆದು ಇದರ ಮೇಲೆ ಯುದ್ಧವನ್ನೇ ಹೂಡಿದ್ರು. ಅಂಕಲ್ ಎರಡನ್ನೂ ಓದಿದ್ದಾರೆ. ಅವರ ತೀರ್ಪು: 'ಎಣಿಕೆ ಎಲ್ಲರಿಗೂ ಬರತ್ತೆ ಕಣಮ್ಮ. ಎದುರಿಗೆ ಕೂತಿರೋರ ಕೈಯಲ್ಲಿ ಎಂಟರ ಅರ್ಧ ಇದೆ ಅಂತ ನಂಬೋಕೆ ಬರಬೇಕು.'

ಅವರು ನಂಗೆ ಕಲಿಸಿದ್ದರಲ್ಲಿ ಎರಡು ಮಾತು ಮುಖ್ಯ.

ಮೊದಲನೆಯದು: ಒಂದೇ ಸಲ ಮೂರರ ಮಟ್ಟಕ್ಕೆ ಜಿಗಿದು ಕೂಗಿ ಎದುರಾಳಿಗೆ ಅಡ್ಡಗಾಲು ಹಾಕಿದ ಮೇಲೆ ಬಾಯಿ ಮುಚ್ಚಿಕೊಂಡಿರು. ನಿನ್ನ ಕೈಯಲ್ಲಿ ಏನಿತ್ತೋ ಎಲ್ಲಾ ಹೇಳಿ ಆಯ್ತು. ಇನ್ನು ತೀರ್ಮಾನ ಪಾರ್ಟ್ನರ್‌ದು. ಹೇಳಿದ್ದನ್ನೇ ಜೋರಾಗಿ ಇನ್ನೊಂದು ಸಲ ಹೇಳಿದ್ರೆ ಅದು ಹೊಸ ಮಾಹಿತಿ ಆಗಲ್ಲ. (ನಮ್ಮ ಸೋಮವಾರದ ಸ್ಟೇಟಸ್ ಕಾಲ್‌ಗೆ ಅಂಕಲ್‌ನ ಒಂದು ಸಲ ಕರೆಸಬೇಕು.)

ಎರಡನೆಯದು ಬ್ಯಾಲೆನ್ಸಿಂಗ್. ಎದುರಾಳಿಗಳು ಎರಡರಲ್ಲೇ ನಿಂತಿದ್ದಾರೆ, ಇಬ್ಬರು ಪಾಸ್ ಅಂದಿದ್ದಾರೆ, ನೀನೂ ಪಾಸ್ ಅಂದ್ರೆ ಹರಾಜು ಮುಗೀತು. ಅವರ ಹತ್ರ ಹೆಚ್ಚು ಇದ್ದಿದ್ರೆ ಮೇಲೆ ಹೋಗ್ತಿದ್ರು. ಹಾಗಾದ್ರೆ ಉಳಿದಿದ್ದು ಎಲ್ಲಿದೆ? ಸುಮ್ಮನೆ ಕೂತಿರೋ ನಿನ್ನ ಪಾರ್ಟ್ನರ್ ಹತ್ರ. ಅದನ್ನ ನಂಬಿಕೊಂಡು ನಿನ್ನ ಕೈಯಲ್ಲಿ ಕಮ್ಮಿ ಇದ್ರೂ ಕೂಗಬೇಕು. ಪಾರ್ಟ್ನರ್ ಆಗ 'ಅಯ್ಯೋ, ಇವಳ ಹತ್ರ ಇಷ್ಟೊಂದಿದೆಯಾ' ಅಂತ ಇನ್ನೂ ಮೇಲಕ್ಕೆ ಎಳೆಯಬಾರದು. 'ನನ್ನ ಜೇಬಿನ ದುಡ್ಡನ್ನ ನೀನು ಖರ್ಚು ಮಾಡಿದೀಯ. ಅದೇ ದುಡ್ಡನ್ನ ನಾನೂ ಖರ್ಚು ಮಾಡಿದ್ರೆ ಸಂಸಾರ ಮುಳುಗತ್ತೆ' ಅಂತಾರೆ ಅಂಕಲ್. ಐವತ್ತು ವರ್ಷದ ಬ್ರಿಡ್ಜ್, ನಲವತ್ತೈದು ವರ್ಷದ ಸಂಸಾರ ಎರಡೂ ನಡೆಸಿದವರ ಮಾತು, ಎರಡಕ್ಕೂ ಆಗತ್ತೆ.

ಸಂಸಾರ ಅಂದಿದ್ದಕ್ಕೆ ನೆನಪಾಯ್ತು. 1929ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜಾನ್ ಬೆನೆಟ್, ಮಿರ್ಟಲ್ ಬೆನೆಟ್ ಅನ್ನೋ ಗಂಡ ಹೆಂಡತಿ ಸ್ನೇಹಿತ ದಂಪತಿ ಜೊತೆ ಬ್ರಿಡ್ಜ್ ಆಡ್ತಿದ್ರು. ಗಂಡ ನಾಲ್ಕು ಸ್ಪೇಡ್ ಕಾಂಟ್ರಾಕ್ಟ್ ಸೋತ. ಹೆಂಡತಿ ಹಂಗಿಸಿದಳು, ಅವನು ಕೆನ್ನೆಗೆ ಹೊಡೆದ, ಅವಳು ಪಿಸ್ತೂಲು ತಂದಳು. ಆತ ಸತ್ತ. 1931ರಲ್ಲಿ ಕೋರ್ಟು ಆಕೆಯನ್ನ ನಿರ್ದೋಷಿ ಅಂತ ಬಿಟ್ಟಿತು. ಬ್ರಿಡ್ಜ್ ಆಡೋರೆಲ್ಲ ಈ ಕಥೆಯನ್ನ ನಗ್ತಾನೇ ಹೇಳ್ತಾರೆ. ಆದ್ರೆ ನಗೋ ಅಷ್ಟು ಸಣ್ಣ ವಿಷಯ ಅಲ್ಲ ಅಂತ ನಂಗೆ ಗೊತ್ತು. ಆಟದ ಮಧ್ಯೆ 'ಯಾಕೆ ಹಾಗೆ ಕೂಗಿದೆ?' ಅನ್ನೋ ಮೂರು ಪದ ಎಷ್ಟೋ ಜೋಡಿಗಳನ್ನ ಮುರಿದಿರೋದನ್ನ ನಮ್ಮ ಕ್ಲಬ್‌ಹೌಸಲ್ಲೇ ನೋಡಿದೀನಿ. ಒಂದು ಜೋಡಿಯಂತೂ ಲಿಫ್ಟಲ್ಲೂ ಮಾತಾಡ್ತಿಲ್ಲ.

ನಮ್ಮದು ಒಂದು ನಿಯಮ: ಆಟದ ವಿಮರ್ಶೆ ಮೆಟ್ರೋ ಹತ್ತಿದ ಮೇಲೆ. ತಿಂಗಳಿಗೊಮ್ಮೆ ಊರೊಳಗೆ ಟೂರ್ನಮೆಂಟಿಗೆ ಹೋಗ್ತೀವಿ. ಮುಂಚೆ ವಾಪಸ್ ಬರೋಕೆ ಕಾರಲ್ಲಿ ಎರಡು ಗಂಟೆ. ಮಾರತ್‌ಹಳ್ಳಿ ಬ್ರಿಡ್ಜ್ ಮೇಲೆ ನಿಂತುಕೊಂಡು ಇನ್ನೊಂದು ಬ್ರಿಡ್ಜ್ ಬಗ್ಗೆ ಮಾತಾಡೋದು ಸ್ನೇಹಕ್ಕೆ ಒಳ್ಳೇದಲ್ಲ. 2023ರ ಮಾರ್ಚಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ನೇರಳೆ ಮಾರ್ಗ ಬಂತು, ಅಕ್ಟೋಬರಲ್ಲಿ ಬೈಯಪ್ಪನಹಳ್ಳಿಗೆ ಕೊಂಡಿ ಬೆಸೆಯಿತು. ಈಗ ಬೈಯಪ್ಪನಹಳ್ಳಿ ದಾಟೋವರೆಗೆ ಸಿನಿಮಾ, ರಾಜಕೀಯ. ಅಲ್ಲಿಂದ ಕಾಡುಗೋಡಿವರೆಗೆ ಬ್ರಿಡ್ಜ್. ಕಾಡುಗೋಡಿಯಲ್ಲಿ ಇಳಿದ ಮೇಲೆ ಆ ಕೈಗಳ ಮಾತು ಮತ್ತೆ ಎತ್ತೋ ಹಾಗಿಲ್ಲ.

ಅಂಕಲ್‌ಗೆ ಇಷ್ಟವಾದ ಕಥೆ ಬೇರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ಮೊದಲ ಸಲ ಬ್ರಿಡ್ಜ್ ಸೇರಿಸಿದಾಗ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದಿದ್ದು ನಮ್ಮ ದೇಶದ ಪ್ರಣವ್ ಬರ್ಧನ್, ಶಿವನಾಥ್ ಸರ್ಕಾರ್. ಒಬ್ಬರಿಗೆ 60, ಇನ್ನೊಬ್ಬರಿಗೆ 56. 'ಅರವತ್ತಕ್ಕೆ ಚಿನ್ನ, ನೋಡು!' ಅಂತ ಆ ಪೇಪರ್ ಕಟಿಂಗ್ ಇಟ್ಟುಕೊಂಡಿದ್ದಾರೆ. ಮುಂದಿನ ಗೇಮ್ಸಲ್ಲಿ ಭಾರತದ ಪುರುಷರ ತಂಡ ಬೆಳ್ಳಿ ತಂತು. ಅಂಕಲ್ ಮಾತ್ರ ಆ ಅರವತ್ತನ್ನೇ ಹಿಡಿದುಕೊಂಡಿದ್ರು.

ಕಳೆದ ವರ್ಷ ಅವರು ನಿಧಾನ ಆಗೋಕೆ ಶುರು ಮಾಡಿದ್ರು.

ಮರೆವು ಅಂತಲ್ಲ. ಲೆಕ್ಕ ಈಗಲೂ ಸರಿಯಾಗೇ ಇದೆ, ಆದ್ರೆ ಬರೋಕೆ ಹೊತ್ತು ಹಿಡಿಯತ್ತೆ. ಮುಂಚೆ ಮೂರು ಸೆಕೆಂಡಲ್ಲಿ ಬರ್ತಿದ್ದ ಪಾಸ್ ಈಗ ಕೆಲವು ಸಲ ಇಪ್ಪತ್ತು ಸೆಕೆಂಡ್ ತಗೊಳತ್ತೆ. ಕೈ ಡಬಲ್ ಚೀಟಿ ಹತ್ರ ಹೋಗಲ್ಲ, ಬಿಡ್ ಚೀಟಿ ಹತ್ರಾನೂ ಹೋಗಲ್ಲ; ಸುಮ್ಮನೆ ಎಲೆ ನೋಡ್ತಾ ಕೂತಿರ್ತಾರೆ. ಬೇರೆ ಆಟದಲ್ಲಾಗಿದ್ರೆ ಏನೂ ತೊಂದರೆ ಇಲ್ಲ. ಬ್ರಿಡ್ಜಲ್ಲಿ ಇದೆ, ಮತ್ತು ಆ ತೊಂದರೆ ಆಗೋದು ಅವರಿಗಲ್ಲ, ನಂಗೆ.

ಯಾಕೆ ಅಂತ ಹೇಳ್ತೀನಿ. ಪಾರ್ಟ್ನರ್ ತುಂಬ ಹೊತ್ತು ಯೋಚಿಸಿ ಆಮೇಲೆ ಪಾಸ್ ಅಂದ್ರೆ ಅದರ ಅರ್ಥ ಏನು? ಕೈಯಲ್ಲಿ ಏನೋ ಇದೆ, ಕೂಗೋಣ್ವಾ ಬೇಡ್ವಾ ಅಂತ ಗೊಂದಲ. ಏನೂ ಇಲ್ಲದಿದ್ರೆ ಯೋಚನೆ ಯಾಕೆ? ಹಾಗಾಗಿ ಆ ಮೌನವೇ 39ನೇ ಮಾತು ಆಗಿಬಿಡತ್ತೆ. ಆದ್ರೆ ನಿಘಂಟಿನಲ್ಲಿ ಇಲ್ಲದ ಮಾತು. ಬ್ರಿಡ್ಜ್ ಕಾನೂನಿನ 16ನೇ ನಿಯಮ ಇದರ ಬಗ್ಗೆ ಖಡಾಖಂಡಿತ: ಪಾರ್ಟ್ನರ್‌ನ ತಡವರಿಕೆ, ಮುಖ, ಸ್ವರದಿಂದ ಸಿಕ್ಕ ಸುಳಿವನ್ನ ಬಳಸೋ ಹಾಗಿಲ್ಲ. ಬಳಸಬಾರದು ಅಷ್ಟೇ ಅಲ್ಲ. ಸಮಂಜಸವಾದ ಎರಡು ದಾರಿ ಇದ್ದು, ಅದರಲ್ಲಿ ಒಂದನ್ನ ಆ ಸುಳಿವು ಬೊಟ್ಟು ಮಾಡಿ ತೋರಿಸ್ತಿದ್ರೆ, ನೀವು ಆ ದಾರಿಗೆ ಹೋಗೋ ಹಾಗಿಲ್ಲ. ಯೋಚನೆ ಮಾಡೋದು ತಪ್ಪಲ್ಲ, ಎಷ್ಟು ಬೇಕಾದ್ರೂ ಮಾಡಬಹುದು. ಅದರ ಬೆಲೆ ಮಾತ್ರ ಎದುರಿಗೆ ಕೂತವರು ಕೊಡ್ತಾರೆ.

ಒಂದು ಕೈ ಚೆನ್ನಾಗಿ ನೆನಪಿದೆ. ಯಾರೂ ವಲ್ನರಬಲ್ ಅಲ್ಲ. ನನ್ನ ಬಲಗಡೆಯವರು ಒಂದು ಸ್ಪೇಡ್ ಅಂದ್ರು, ನಾನು ಪಾಸ್. ಎಡಗಡೆಯವರು ಎರಡು ಸ್ಪೇಡ್ ಅಂದ್ರು. ಅಂಕಲ್ ಯೋಚಿಸಿದ್ರು. ಫ್ಯಾನಿನ ಸದ್ದು ಕೇಳ್ತಿತ್ತು. ಆಮೇಲೆ ಪಾಸ್. ಬಲಗಡೆಯವರೂ ಪಾಸ್. ಈಗ ನಂದು. ನನ್ನ ಕೈಯಲ್ಲಿ ಎರಡೇ ಎರಡು ಸಣ್ಣ ಸ್ಪೇಡ್, ರಾಜ, ಗುಲಾಮ ಸೇರಿ ನಾಲ್ಕು ಹಾರ್ಟ್, ಡೈಮನ್ ಎಕ್ಕ, ಕಳಾವರ್ ರಾಣಿ. ಹತ್ತು ಪಾಯಿಂಟು. ಇದೇ ಬ್ಯಾಲೆನ್ಸಿಂಗಿನ ಜಾಗ. ಅಂಕಲ್ ಮೂರು ಸೆಕೆಂಡಲ್ಲಿ ಪಾಸ್ ಅಂದಿದ್ರೆ ನಾನು ಡಬಲ್ ಹಾಕ್ತಿದ್ದೆ. ಪಾರ್ಟ್ನರ್ ಹತ್ರ ಇರಲೇಬೇಕು ಅನ್ನೋ ಲೆಕ್ಕದ ಮೇಲೆ, ಧೈರ್ಯದ ಮೇಲೆ. ಈಗ ಆ ಡಬಲ್‌ಗೆ ಧೈರ್ಯವೇ ಬೇಕಾಗಿಲ್ಲ. ಅವರ ಹತ್ರ ಇದೆ ಅಂತ ಇಪ್ಪತ್ತು ಸೆಕೆಂಡ್ ಕೂಗಿ ಹೇಳಿದೆ.

ಹತ್ತು ಪಾಯಿಂಟಲ್ಲಿ ಪಾಸ್ ಅನ್ನೋರೂ ಬೇಕಾದಷ್ಟು ಜನ ಇದ್ದಾರೆ. ಪಾಸ್ ಕೂಡ ಸಮಂಜಸವಾದ ದಾರಿಯೇ. ಪಾಸ್ ಚೀಟಿ ಇಟ್ಟೆ.

ಅವರು ಸರಿಯಾಗಿ ಎಂಟು ಟ್ರಿಕ್ ಗೆದ್ರು. 110. ಅಂಕಲ್ ಕೈಯಲ್ಲಿ ಎಕ್ಕ, ರಾಣಿ ಸೇರಿ ನಾಲ್ಕು ಹಾರ್ಟ್ ಇತ್ತು, ಒಟ್ಟು ಹನ್ನೊಂದು ಪಾಯಿಂಟು. ಉಳಿದ ಟೇಬಲ್‌ಗಳಲ್ಲಿ ಬಹಳಷ್ಟು ಜನ ಮೂರು ಹಾರ್ಟ್ ಕೂಗಿ, ಒಂದು ಕಮ್ಮಿ ಆಗಿ, 50 ಕೊಟ್ಟು ಬಚಾವಾಗಿದ್ರು. ಪುಸ್ತಕದಲ್ಲಿ ಬರೆದಂಥ ಕೈ. ನಾವು ಆ ಕೈಯಲ್ಲಿ ಕೊನೆಯವರು.

ಎದುರಾಳಿಗಳು ಏನೂ ಗಮನಿಸಲಿಲ್ಲ. ನಾನು ಡಬಲ್ ಹಾಕಿದ್ರೂ ಬಹುಶಃ ಯಾರೂ ಡೈರೆಕ್ಟರ್‌ನ ಕರೀತಿರಲಿಲ್ಲ. ಇದೇ ಈ ನಿಯಮದ ವಿಚಿತ್ರ. ಪೊಲೀಸ್ ಇಲ್ಲ, ಕ್ಯಾಮೆರಾ ಇಲ್ಲ. ನನ್ನ ತಲೆಯೊಳಗೆ ಏನು ನಡೀತು ಅಂತ ನಂಗೆ ಮಾತ್ರ ಗೊತ್ತು.

ದೊಡ್ಡ ಆಟಗಳಲ್ಲಿ ಇಷ್ಟು ನಂಬಿಕೆ ಇಟ್ಟುಕೊಳ್ಳೋಕಾಗಲ್ಲ ಅಂತ 1975ರ ಬರ್ಮುಡಾ ಬೌಲ್ ವಿಶ್ವ ಸ್ಪರ್ಧೆಯಿಂದ ಮೇಜಿನ ಅಡ್ಡಕ್ಕೆ ಪರದೆ ಹಾಕೋಕೆ ಶುರು ಮಾಡಿದ್ರು, ಪಾರ್ಟ್ನರ್ ಮುಖವೇ ಕಾಣದ ಹಾಗೆ. ಮೊದಲ ವರ್ಷವೇ ಪರದೆಯ ಕೆಳಗೆ ಕಾಲು ತಾಗಿಸಿದ ಗಲಾಟೆ ಆಯ್ತು. 2015ರಲ್ಲಿ ನಾರ್ವೆಯ ಬೋಯೆ ಬ್ರೋಗ್‌ಲ್ಯಾಂಡ್, ತನ್ನದೇ ತಂಡದಲ್ಲಿ ಆಡಿದ್ದ ಜೋಡಿ ಮೋಸ ಮಾಡ್ತಿದೆ ಅಂತ ಬಹಿರಂಗವಾಗಿ ಹೇಳಿ, ಅವರ ಜೊತೆ ಗೆದ್ದ ಪ್ರಶಸ್ತಿಗಳನ್ನ ಬಿಟ್ಟುಕೊಟ್ಟ. ಬ್ರಿಡ್ಜಲ್ಲಿ ಮೋಸ ಅಂದ್ರೆ ಎಲೆ ಕದಿಯೋದಲ್ಲ. ಬಹುಪಾಲು ಮೋಸಗಳೂ ಇದೇ: ಆ 38ರ ಹೊರಗೆ ಮಾತಾಡೋದು.

ನಾವು ಕೆಲಸ ಮಾಡೋ ಜಗತ್ತು ಇದಕ್ಕೆ ಪೂರ್ತಿ ಉಲ್ಟಾ, ಅಲ್ವಾ? ಮ್ಯಾನೇಜರ್ ಕಾಲ್‌ನಲ್ಲಿ ಎರಡು ಸೆಕೆಂಡ್ ಸುಮ್ಮನಾದ್ರೆ ನಾವು ಪ್ಲ್ಯಾನ್ ಬದಲಾಯಿಸ್ತೀವಿ. ಚಾಟ್‌ನಲ್ಲಿ 'ಟೈಪಿಂಗ್' ಅಂತ ಬಂದು ನಿಂತು ಮತ್ತೆ ಬಂದ್ರೆ ಅದರ ಮೇಲೊಂದು ಪಿಎಚ್‌ಡಿ ಮಾಡ್ತೀವಿ. ಕ್ಲೈಂಟ್‌ನ 'ಹ್ಮ್' ಅನ್ನ ಸರಿಯಾಗಿ ಓದಿದವರಿಗೆ ಪ್ರಮೋಶನ್. ಹೇಳದೇ ಇದ್ದಿದ್ದನ್ನ ಕೇಳಿಸಿಕೊಳ್ಳೋದೇ ಅಲ್ಲಿ ಜಾಣತನ. ವಾರದಲ್ಲಿ ಮೂರು ಗಂಟೆ ಮಾತ್ರ ನಾನು ಅದನ್ನ ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಆಡಬೇಕು. ಮೊದಮೊದಲು ಇದು ಹಿಂಸೆ ಅನ್ನಿಸ್ತಿತ್ತು. ಈಗ ಒಂಥರಾ ವಿಶ್ರಾಂತಿ.

ಆ ಕೈ ಆದ ದಿನ ಬೈಯಪ್ಪನಹಳ್ಳಿ ದಾಟಿದ ಮೇಲೂ ಅಂಕಲ್ ಮಾತಾಡಲಿಲ್ಲ. ಗರುಡಾಚಾರ್‌ಪಾಳ್ಯದ ಹತ್ರ ಹೇಳಿದ್ರು: 'ನೀನು ಡಬಲ್ ಹಾಕಬೇಕಾಗಿತ್ತು. ನಾನು ಯೋಚಿಸಿದ್ದಕ್ಕೆ ಹಾಕಲಿಲ್ಲ. ಅಲ್ವಾ?'

'ಹೌದು ಅಂಕಲ್.'

'ಇದು ಎಷ್ಟನೇ ಸಲ?'

ಎಣಿಸಿಲ್ಲ ಅಂದೆ. ಅವರು ಎಣಿಸಿದ್ರು. ಆರು ಅಂದ್ರು.

ಎರಡು ವಾರ ಅವರು ಮಂಗಳವಾರ ಬರಲಿಲ್ಲ. ಮೊಣಕಾಲು ನೋವು ಅಂದ್ರು. ಮೂರನೇ ವಾರ ನಾನೇ ನಾಲ್ಕನೇ ಮಹಡಿಗೆ ಹೋದೆ. ಆಂಟಿ ಬಾಗಿಲು ತೆಗೆದು, 'ಒಳಗೆ ಕೂತು ಏನೋ ಎಣಿಸ್ತಾ ಇದಾರಮ್ಮ' ಅಂದ್ರು. ಅಂಕಲ್ ಡೈನಿಂಗ್ ಟೇಬಲ್ ಮೇಲೆ ಒಬ್ಬರೇ ನಾಲ್ಕೂ ಕೈ ಹಂಚಿಕೊಂಡು, ಪಕ್ಕದಲ್ಲಿ ಗೋಡೆ ಗಡಿಯಾರ ಬಿಚ್ಚಿ ಇಟ್ಟುಕೊಂಡು ಕೂತಿದ್ರು.

ಅವರ ಉಪಾಯ ಹೀಗೆ. ಕೆಲವು ಕಡೆ ಬಿಡ್ಡಿಂಗ್ ಬಾಕ್ಸಲ್ಲಿ 'ಸ್ಟಾಪ್' ಅನ್ನೋ ಕೆಂಪು ಚೀಟಿ ಇರತ್ತೆ. ಯಾರಾದ್ರೂ ಮಟ್ಟ ಹಾರಿಸಿ ಕೂಗಿದಾಗ ಅದನ್ನ ಇಡ್ತಾರೆ. ಮುಂದಿನವರು ಯೋಚನೆ ಇರಲಿ ಬಿಡಲಿ ಹತ್ತು ಸೆಕೆಂಡ್ ಕಾಯಲೇಬೇಕು. ಎಲ್ಲರೂ ಕಾದಾಗ ಕಾಯೋದಕ್ಕೆ ಅರ್ಥ ಇರಲ್ಲ. 'ನಂಗೆ ಬೇಗ ಮಾಡೋಕಾಗಲ್ಲ. ನಿಧಾನ ಮಾಡೋಕಾಗತ್ತೆ. ಎಲ್ಲಾ ಬಿಡ್‌ಗೂ ಹತ್ತು ಸೆಕೆಂಡ್ ತಗೊಂಡ್ರೆ? ಕೈಯಲ್ಲಿ ಏನೂ ಇಲ್ಲದಿದ್ರೂ ಹತ್ತು, ಎಲ್ಲಾ ಇದ್ರೂ ಹತ್ತು.'

ಕಾನೂನು ಹೇಳೋದೂ ಅದನ್ನೇ: ಒಂದೇ ಗತಿ ಕಾಪಾಡಿಕೊಳ್ಳಿ. ವೇಗ ಎಷ್ಟು ಅಂತ ಅದು ಹೇಳಲ್ಲ.

ಅಭ್ಯಾಸಕ್ಕೆ ಒಂದು ತಿಂಗಳು ಹಿಡೀತು. ಅಂಕಲ್ ಮೊದಲು ತೊಡೆ ಮೇಲೆ ಆದಿತಾಳ ಹಾಕ್ಕೊಂಡು ಎಣಿಸ್ತಿದ್ರು. 'ಅಂಕಲ್, ಮೇಜಿನ ಕೆಳಗೆ ತಟ್ಟಿದ್ರೆ ನಮ್ಮನ್ನೂ ಪರದೆ ಹಿಂದೆ ಕೂರಿಸ್ತಾರೆ' ಅಂದ ಮೇಲೆ ಮನಸ್ಸಲ್ಲೇ ಎಣಿಸೋಕೆ ಶುರು ಮಾಡಿದ್ರು. ನಾನೂ ಹತ್ತು ಸೆಕೆಂಡ್ ಕಾಯ್ತೀನಿ, ಜೋಡಿ ಅಂದ ಮೇಲೆ ಎರಡು ಗತಿ ಸರಿಯಲ್ಲ. ಕೈಯಲ್ಲಿ ಒಂದು ಗುಲಾಮನೂ ಇಲ್ಲದಾಗ ಹತ್ತು ಸೆಕೆಂಡ್ ಗಂಭೀರವಾಗಿ ಕೂತಿರೋದು ಎಷ್ಟು ಕಷ್ಟ ಅಂತ ಮಾಡಿ ನೋಡಿ. ಒಂದು ಕೈಗೆ ಏಳೆಂಟು ನಿಮಿಷ ಅಷ್ಟೇ ಸಿಗೋದು; ಹಾಗಾಗಿ ಹರಾಜಲ್ಲಿ ಕಳೆದದ್ದನ್ನ ಆಟದಲ್ಲಿ ಬೇಗ ಆಡಿ ತುಂಬಿಸ್ತೀವಿ. ಆದ್ರೂ ಡೈರೆಕ್ಟರ್ ಎರಡು ಸಲ ಬಂದು ಗಡಿಯಾರ ತೋರಿಸಿದ್ದಾರೆ.

ಜೊತೆಗೆ ನಮ್ಮ ಒಪ್ಪಂದಗಳ ಪಟ್ಟಿ, ಅಂದ್ರೆ ಕನ್ವೆನ್ಶನ್ ಕಾರ್ಡನ್ನ, ಅರ್ಧ ಹಾಳೆಗೆ ಇಳಿಸಿದ್ವಿ. ಸ್ಟೇಮನ್, ಬ್ಲ್ಯಾಕ್‌ವುಡ್, ಟ್ರಾನ್ಸ್‌ಫರ್ ಉಳಿದ್ವು. ಡ್ರೂರಿ, ಲೆಬೆನ್‌ಸೋಲ್ ಹೋದ್ವು. ಪೆನ್ಸಿಲಲ್ಲಿ ಹೊಡೆದು ಹಾಕಿದ್ದು ಅಂಕಲ್ಲೇ. 'ಇಂಕಲ್ಲಿ ಬೇಡ' ಅಂದ್ರು.

ಇಷ್ಟರಲ್ಲಿ ಒಂದು ಕರೆ ಬಂತು. ಭಾನುವಾರದ ಟೀಮ್ ಸ್ಪರ್ಧೆಗೆ ನಾಲ್ಕು ಜನರ ತಂಡ ಕಟ್ಟುತ್ತಿದ್ದ ಹುಡುಗನೊಬ್ಬ, ನನ್ನದೇ ವಯಸ್ಸು, ಚುರುಕು ಆಟಗಾರ, ನೇರವಾಗಿ ಕೇಳಿದ: 'ನೀವು ನಮ್ಮ ಕಡೆ ಬನ್ನಿ. ನಿಮ್ಮ ಪಾರ್ಟ್ನರ್ ಬೇಡ, ಬೇಜಾರು ಮಾಡ್ಕೋಬೇಡಿ.' ಹರಾಜಿನ ಹಾಗೇ ಮೂರು ದಾರಿ. ಬೇಡ ಅಂತ ತ್ಯಾಗ ಮಾಡಿ ಅಂಕಲ್‌ಗೆ ಹೇಳದೇ ಇರೋದು. ಹೇಳದೇ ಹೋಗಿ ಆಡೋದು. ಹೇಳೋದು. ಮೊದಲ ಎರಡೂ ಒಂದೇ ಥರ. ಎರಡರಲ್ಲೂ ಪಾರ್ಟ್ನರ್‌ಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಕೈಯಲ್ಲಿರತ್ತೆ. ನಂಗೆ ಆ ಟೀಮಲ್ಲಿ ಆಡೋ ಆಸೆ ಇತ್ತು. ಅದನ್ನೂ ಸೇರಿಸಿಯೇ ಹೇಳಿದೆ.

ಅಂಕಲ್ ಹತ್ತು ಸೆಕೆಂಡ್ ತಗೊಂಡ್ರು.

'ಹೋಗು. ಭಾನುವಾರ ಅಲ್ಲಿ ಆಡು. ಮಂಗಳವಾರ ನಂದು, ಅದನ್ನ ಬಿಡಬೇಡ.'

'ಬೇಜಾರಾಯ್ತಾ ಅಂಕಲ್?'

'ಆಗದೇ ಇರತ್ತಾ? ಆ ಮೂವತ್ತೆಂಟರಲ್ಲಿ ಅದಕ್ಕೊಂದು ಚೀಟಿ ಇಲ್ಲ ನೋಡು' ಅಂದ್ರು. ಆಮೇಲೆ ಕಾಫಿ ಬಗ್ಗಿಸಿದ್ರು.

ಹೊಸ ಪಾರ್ಟ್ನರ್ ನಿಜವಾಗ್ಲೂ ಚೆನ್ನಾಗಿ ಆಡ್ತಾನೆ. ತಂಡವೂ ಚೆನ್ನಾಗಿದೆ, ಭಾನುವಾರಗಳಲ್ಲಿ ಗೆಲ್ತಾ ಇದೀವಿ. ಆದ್ರೆ ಅವನ ಕೈಯಲ್ಲಿ ಏನೂ ಇಲ್ಲದಿದ್ರೆ ಪಾಸ್ ಚೀಟಿ ಟಪ್ ಅಂತ ಬೀಳತ್ತೆ, ಅರ್ಧ ಸೆಕೆಂಡಲ್ಲಿ. ಅದೂ ಒಂದು ಮಾತೇ ತಾನೆ? 'ನನ್ನ ನಂಬಬೇಡ, ನನ್ನ ಹತ್ರ ಏನೂ ಇಲ್ಲ' ಅಂತ ಹೇಳಿದ ಹಾಗೆ. ನಿಧಾನದಷ್ಟೇ ವೇಗವೂ ಗುಟ್ಟು ಬಿಟ್ಟುಕೊಡತ್ತೆ. ಇಲ್ಲಿ ವೈಟ್‌ಫೀಲ್ಡಲ್ಲಿ ವೇಗವನ್ನ ಯಾರೂ ತೊಂದರೆ ಅಂತ ಲೆಕ್ಕಕ್ಕೆ ಹಿಡಿಯಲ್ಲ ಅಷ್ಟೇ. ಸ್ವಲ್ಪ ಕಾಯ್ತೀರಾ ಅಂತ ಕೇಳಿದೆ. ನಕ್ಕ. ಎರಡನೇ ವಾರವೂ ನಕ್ಕ. ಮೂರನೇ ವಾರ ಚೀಟಿ ಹಿಡಿದುಕೊಂಡು, ತುಟಿ ಅಲ್ಲಾಡಿಸ್ತಾ ಎಣಿಸ್ತಿದ್ದ.

ಮಂಗಳವಾರ ನಾವು ಸಾಮಾನ್ಯವಾಗಿ ಮಧ್ಯದಲ್ಲೆಲ್ಲೋ ಇರ್ತೀವಿ, ಕೆಲವು ಸಲ ಕೆಳಗೆ. ಹೋದ ವಾರ ಎದುರಾಳಿಗಳು ಎರಡು ಸ್ಪೇಡಲ್ಲಿ ನಿಂತಿದ್ರು. ಅಂಕಲ್ ಹತ್ತು ಸೆಕೆಂಡ್ ಆದ ಮೇಲೆ ಪಾಸ್ ಅಂದ್ರು. ಅವರ ಹತ್ರ ಏನಿದೆ ಅಂತ ನಂಗೆ ಒಂಚೂರೂ ಗೊತ್ತಿರಲಿಲ್ಲ. ಹತ್ತು ಎಣಿಸಿ ಡಬಲ್ ಹಾಕಿದೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಐಟಿಐನೋ ಎಚ್‌ಎಎಲ್ಲೋ ಬಿಇಎಂಎಲ್ಲೋ ಮುಗಿಸಿ ಬಂದು, ಸಂಜೆ ಪಾರ್ಕಿನ ಬೆಂಚಲ್ಲಿ ಕೂರೋ ಒಬ್ಬರು ಅಂಕಲ್ ಇದ್ದೇ ಇರ್ತಾರೆ. 'ಬ್ರಿಡ್ಜ್ ಬರತ್ತಾ?' ಅಂತ ಒಂದು ಸಲ ಕೇಳಿ ನೋಡಿ. ಉತ್ತರ ತಡವಾಗಿ ಬಂದ್ರೆ ಗಾಬರಿ ಬೇಡ, ಕಾಯಿರಿ.